ಎಪ್ಪತ್ತು ಫೋಟೋಗೆ ಒಂದೇ ಬಾರ್ಡರ್: ಇನ್‌ಡಿಸೈನ್‌ನಲ್ಲಿ ಆಬ್ಜೆಕ್ಟ್ ಸ್ಟೈಲ್ ಬಳಸುವ ಬಗೆ

ಕೊಪ್ಪಳದಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಜನವರಿ ಅಂದರೆ ಗವಿಮಠದ ಜಾತ್ರೆ. ಕರಪತ್ರ, ಆಮಂತ್ರಣ, ಸ್ಮರಣ ಸಂಚಿಕೆ ಎಲ್ಲಾ ಒಟ್ಟಿಗೆ ಬರುತ್ತವೆ. ಅಂಥ ಒಂದು ಜನವರಿಯಲ್ಲಿ ನನ್ನ ಕೈಗೆ 64 ಪುಟದ ಒಂದು ಪುಸ್ತಿಕೆ ಬಂತು. ನಮ್ಮ ಜಿಲ್ಲೆಯಲ್ಲಿ ನೋಡಬೇಕಾದ ಜಾಗಗಳ ಬಗ್ಗೆ. ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ, ಆನೆಗೊಂದಿ, ಹುಲಿಗಿ, ಕಿನ್ನಾಳದ ಬೊಂಬೆಗಳು. ಒಟ್ಟು 70 ಫೋಟೋ. ಪ್ರತಿ ಫೋಟೋಗೆ ಕೆಂಪು ಬಾರ್ಡರ್, ಕೆಳಗೆ ಎರಡು ಸಾಲಿನ ಅಡಿಬರಹ.

ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಪುಟ ಎಲ್ಲಾ ಮುಗಿದಿತ್ತು. ಫೈಲು ಗದಗಿನ ಪ್ರೆಸ್ಸಿಗೆ ಹೋಗುವ ಹಿಂದಿನ ರಾತ್ರಿ ಪ್ರೂಫ್ ನೋಡಲು ಬಂದವರು ಹೇಳಿದರು: “ಅಣ್ಣಾ, ಈ ಕೆಂಪು ಬಾರ್ಡರ್ ಭಾಳ ಎದ್ದು ಕಾಣ್ತದ. ಸ್ವಲ್ಪ ತೆಳ್ಳಗ ಮಾಡಿ, ಮಣ್ಣಿನ ಬಣ್ಣ ಹಾಕ್ರಿ.” ಅವರು ಹೇಳಿದ್ದು ಸರಿಯೇ ಇತ್ತು. ಕಲ್ಲಿನ ಗುಡಿಗಳ ಫೋಟೋ ಸುತ್ತ ಆ ಕೆಂಪು ಹೊಂದುತ್ತಿರಲಿಲ್ಲ. ನಾನು ಒಂದೊಂದೇ ಫೋಟೋ ಹಿಡಿದು ಬಾರ್ಡರನ್ನು 2 ಪಾಯಿಂಟಿನಿಂದ 0.5ಕ್ಕೆ ಇಳಿಸುತ್ತಾ, ಬಣ್ಣ ಬದಲಿಸುತ್ತಾ ಕೂತೆ. ಮುಗಿಯುವಾಗ ಬೆಳಗಿನ ಜಾವ. ಪುಸ್ತಿಕೆ ಅಚ್ಚಾಗಿ ಬಂದ ಮೇಲೆ ನೋಡಿದರೆ ಪಾಲ್ಕಿಗುಂಡಿನ ಅಶೋಕ ಶಾಸನದ ಫೋಟೋಗೆ ಮಾತ್ರ ಹಳೆಯ ದಪ್ಪ ಕೆಂಪು ಹಾಗೇ ಉಳಿದಿತ್ತು. ಅದು ನನಗೆ ತುಂಬಾ ನೋವು ಕೊಟ್ಟಿತು. ಆಮೇಲೆ ಆಬ್ಜೆಕ್ಟ್ ಸ್ಟೈಲ್ ಇಲ್ಲದೆ ನಾನು ಒಂದು ಪುಸ್ತಕವನ್ನೂ ಶುರು ಮಾಡಿಲ್ಲ.

ಪ್ಯಾರಾಗ್ರಾಫ್ ಸ್ಟೈಲ್ ನಮಗೆಲ್ಲ ಗೊತ್ತು. ಪೇಜ್‌ಮೇಕರ್ ಅನ್ನುವ ಹಳೆಯ ಸಾಫ್ಟ್‌ವೇರಿನ ಕಾಲದಿಂದ ಬಳಸುತ್ತಾ ಬಂದಿದ್ದೇವೆ. ತಲೆಬರಹದ ಅಕ್ಷರ ಒಮ್ಮೆ ಬದಲಿಸಿದರೆ ಪುಸ್ತಕದಲ್ಲೆಲ್ಲ ಬದಲಾಗುತ್ತದೆ. ಇದೇ ಸವಲತ್ತು ಬಾಕ್ಸಿಗೂ ಫೋಟೋ ಫ್ರೇಮಿಗೂ ಸಿಕ್ಕರೆ? ಅದೇ ಆಬ್ಜೆಕ್ಟ್ ಸ್ಟೈಲ್. 2005ರಲ್ಲಿ ಬಂದ ಇನ್‌ಡಿಸೈನ್ ಸಿಎಸ್2ನಿಂದಲೇ ಇದೆ. ಆದರೂ ಬಾಕ್ಸಿಗೆ ಸ್ಟೈಲ್ ಮಾಡುವವರು ಇವತ್ತಿಗೂ ಕಡಿಮೆ. ಒಳ್ಳೆಯದೊಂದು ಬಾಕ್ಸ್ ಮಾಡಿ ಕಾಪಿ, ಪೇಸ್ಟ್ ಮಾಡುತ್ತೇವೆ. ಕಾಪಿ ಮಾಡಿದ ಬಾಕ್ಸುಗಳಿಗೆ ಒಂದಕ್ಕೊಂದು ನಂಟು ಇರುವುದಿಲ್ಲ. ತೊಂದರೆ ಅಲ್ಲೇ ಇದೆ.

ಮೌಸ್ ಹಿಡಿಯುವ ಮೊದಲು

ಒಂದು ಕಾಗದ ತಗೊಳ್ಳಿ. ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಬಾಕ್ಸುಗಳು ಯಾವುವು ಅಂತ ಬರೆಯಿರಿ. ಆ ಪುಸ್ತಿಕೆಯದನ್ನೇ ಲೆಕ್ಕಕ್ಕೆ ಹಿಡಿದರೆ ಪಟ್ಟಿ ಹೀಗೆ ಬರುತ್ತದೆ: ಫೋಟೋ, ಫೋಟೋ ಕೆಳಗಿನ ಅಡಿಬರಹ, ಊರಿನ ಮಾಹಿತಿ ಬಾಕ್ಸ್, ಅರ್ಧ ಪುಟದ ಜಾಹೀರಾತು, ಕಾಲು ಪುಟದ ಜಾಹೀರಾತು. ಐದೇ. 64 ಪುಟದಲ್ಲಿ ನೂರಾರು ಬಾಕ್ಸ್ ಇದ್ದರೂ ಜಾತಿ ಐದೇ.

ಹೆಸರು ಇಡುವಾಗ ಒಂದು ಮಾತು ನೆನಪಿಡಿ. ಬಾಕ್ಸ್ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಹೆಸರು ಇಡಬೇಡಿ, ಅದು ಮಾಡುವ ಕೆಲಸದ ಮೇಲೆ ಇಡಿ. “ಕೆಂಪು ಬಾರ್ಡರ್” ಅಂತ ಇಟ್ಟಿದ್ದರೆ ನನ್ನ ಪುಸ್ತಿಕೆಯಲ್ಲಿ ಮಣ್ಣಿನ ಬಣ್ಣದ ಬಾರ್ಡರಿಗೆ “ಕೆಂಪು ಬಾರ್ಡರ್” ಅನ್ನುವ ಹೆಸರು ಉಳಿಯುತ್ತಿತ್ತು. “ಫೋಟೋ” ಅಂತ ಇಟ್ಟರೆ ಬಣ್ಣ ಏನೇ ಆದರೂ ಹೆಸರು ಸುಳ್ಳಾಗುವುದಿಲ್ಲ. ಹೆಸರಿನ ಮುಂದೆ ಒಂದು ನಂಬರ್ ಹಾಕಿ: “01 ಫೋಟೋ”, “02 ಅಡಿಬರಹ”. ಪಟ್ಟಿಯಲ್ಲಿ ಹುಡುಕುವುದು ಸುಲಭ. ಇನ್ನೊಂದು ಉಪಯೋಗವೂ ಇದೆ, ಮುಂದೆ ಹೇಳುತ್ತೇನೆ.

ಬಣ್ಣಕ್ಕೂ ಹೀಗೇ. ಬಾರ್ಡರಿಗೆ ಬೇಕಾದ ಬಣ್ಣವನ್ನು ಮೊದಲು ಸ್ವಾಚಸ್ ಪ್ಯಾನೆಲ್‌ನಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಯ ಲೆಕ್ಕ) ಆಗಿ ಮಾಡಿ, “ಬಾರ್ಡರ್ ಬಣ್ಣ” ಅಂತ ಹೆಸರು ಕೊಡಿ. ನಾಳೆ ಬಣ್ಣ ಮಾತ್ರ ಬದಲಿಸಬೇಕಾದರೆ ಆ ಸ್ವಾಚ್ ಒಂದನ್ನು ತಿದ್ದಿದರೆ ಸಾಕು, ಸ್ಟೈಲನ್ನು ಮುಟ್ಟುವುದೇ ಬೇಡ.

ಮೊದಲ ಸ್ಟೈಲ್: ಫೋಟೋ

ವಿಂಡೋ ಮೆನು, ಅದರಲ್ಲಿ ಸ್ಟೈಲ್ಸ್, ಅದರಲ್ಲಿ ಆಬ್ಜೆಕ್ಟ್ ಸ್ಟೈಲ್ಸ್. ಕೀಬೋರ್ಡಿನಲ್ಲಿ ಕಂಟ್ರೋಲ್ ಮತ್ತು ಎಫ್7. ಪ್ಯಾನೆಲ್ ತೆರೆದರೆ ಮೊದಲೇ ಮೂರು ಹೆಸರು ಇರುತ್ತವೆ: ನನ್, ಬೇಸಿಕ್ ಗ್ರಾಫಿಕ್ಸ್ ಫ್ರೇಮ್, ಬೇಸಿಕ್ ಟೆಕ್ಸ್ಟ್ ಫ್ರೇಮ್. ಇವನ್ನು ಹಾಗೇ ಬಿಡಿ.

ಖಾಲಿ ಡೈಲಾಗ್ ತೆರೆದು ಒಂದೊಂದೇ ಅಂಕಿ ತುಂಬುವುದು ನನಗೆ ಹಿಡಿಸುವುದಿಲ್ಲ. ಪುಟದ ಮೇಲೆ ಒಂದು ಒಳ್ಳೆಯ ನಮೂನೆಯನ್ನು ಕೈಯಾರೆ ಮಾಡಿ, ಅದರಿಂದ ಸ್ಟೈಲ್ ಹುಟ್ಟಿಸುವುದು ಒಳ್ಳೆಯದು. ಕಣ್ಣಿಗೆ ಸರಿ ಕಂಡ ಮೇಲೇ ಅದಕ್ಕೆ ಹೆಸರು ಸಿಗಬೇಕು.

ಒಂದು ಫ್ರೇಮ್ ಎಳೆಯಿರಿ. ಬಾರ್ಡರ್ 0.5 ಪಾಯಿಂಟ್, ಬಣ್ಣ ನೀವು ಮಾಡಿಟ್ಟ ಸ್ವಾಚ್. ಸ್ಟ್ರೋಕ್ ಪ್ಯಾನೆಲ್‌ನಲ್ಲಿ ಅಲೈನ್ ಸ್ಟ್ರೋಕ್ ಅಂತ ಇದೆ (ಸ್ಟ್ರೋಕ್ ಅಂದರೆ ಬಾರ್ಡರೇ). ಅಲ್ಲಿ ಬಾರ್ಡರ್ ಫ್ರೇಮಿನ ಒಳಕ್ಕೆ ಇರುವ ಹಾಗೆ ಆರಿಸಿ. ನಡುವೆ ಅಥವಾ ಹೊರಗೆ ಇಟ್ಟರೆ ಬಾರ್ಡರ್ ದಪ್ಪ ಮಾಡಿದ ಕೂಡಲೇ ಫೋಟೋ ಕಾಲಮ್ಮಿನ ಅಂಚು ದಾಟಿ ಹೊರಗೆ ಬರುತ್ತದೆ. ಟೆಕ್ಸ್ಟ್ ರ‍್ಯಾಪ್ ಹಾಕಿ, ನಾಲ್ಕೂ ಕಡೆ 3 ಮಿಮೀ ಬಿಡಿ. ಸುತ್ತಲಿನ ಅಕ್ಷರ ಫೋಟೋದಿಂದ ಅಷ್ಟು ದೂರ ನಿಲ್ಲುತ್ತದೆ.

ಈಗ ಆ ಫ್ರೇಮನ್ನು ಸೆಲೆಕ್ಟ್ ಮಾಡಿಕೊಂಡೇ ಪ್ಯಾನೆಲ್ ಮೆನುವಿನಿಂದ ನ್ಯೂ ಆಬ್ಜೆಕ್ಟ್ ಸ್ಟೈಲ್ ಆರಿಸಿ. ಹೆಸರು ಬರೆಯಿರಿ. ನೀವು ಮಾಡಿದ್ದೆಲ್ಲ ಒಳಗೆ ಬಂದಿರುತ್ತದೆ. “ಅಪ್ಲೈ ಸ್ಟೈಲ್ ಟು ಸೆಲೆಕ್ಷನ್” ಅನ್ನುವುದಕ್ಕೆ ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟೈಲ್ ಹುಟ್ಟುತ್ತದೆ, ಆದರೆ ಅದಕ್ಕೆ ಮೂಲವಾದ ಫ್ರೇಮೇ ಅದರ ಹೊರಗೆ ಉಳಿದುಬಿಡುತ್ತದೆ.

ಅದೇ ಡೈಲಾಗ್‌ನಲ್ಲಿ ಫ್ರೇಮ್ ಫಿಟಿಂಗ್ ಆಪ್ಷನ್ಸ್‌ಗೆ ಹೋಗಿ. ಫಿಟಿಂಗ್‌ನಲ್ಲಿ “ಫಿಲ್ ಫ್ರೇಮ್ ಪ್ರೊಪೋರ್ಷನಲಿ” ಆರಿಸಿ, ಅಲೈನ್ ಮಾಡುವ ಬಿಂದುವನ್ನು ನಡುವೆ ಇಡಿ, ಆಟೋ-ಫಿಟ್ ಟಿಕ್ ಮಾಡಿ. ಇನ್ನು ಮೇಲೆ ಖಾಲಿ ಫ್ರೇಮಿಗೆ ಈ ಸ್ಟೈಲ್ ಕೊಟ್ಟು ಫೋಟೋ ಹಾಕಿದರೆ ಅದು ತಾನಾಗಿ ಫ್ರೇಮ್ ತುಂಬಿ ಕೂರುತ್ತದೆ. ಫೋಟೋ ಹಾಕುವ ಮೊದಲೇ ಸ್ಟೈಲ್ ಕೊಟ್ಟಿರಿ, ಈ ಕ್ರಮ ಮುಖ್ಯ. ತುಂಬಿದ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಇಟಗಿ ಗುಡಿಯಂಥ ಎತ್ತರದ ಶಿಖರದ ಫೋಟೋವನ್ನು ಅಡ್ಡ ಫ್ರೇಮಿಗೆ ಹಾಕಿದರೆ ಶಿಖರದ ತುದಿಯೇ ಕತ್ತರಿಸಿ ಹೋಗಬಹುದು. ಅಲ್ಲಿ ಕೈಯಿಂದ ಸರಿಸಲೇಬೇಕು.

ಟಿಕ್ ಎಲ್ಲಿ ಬೇಕು, ಎಲ್ಲಿ ಬೇಡ

ಡೈಲಾಗ್‌ನ ಎಡಗಡೆ ಒಂದು ಉದ್ದ ಪಟ್ಟಿ ಇದೆ: ಫಿಲ್, ಸ್ಟ್ರೋಕ್, ಪ್ಯಾರಾಗ್ರಾಫ್ ಸ್ಟೈಲ್ಸ್, ಟೆಕ್ಸ್ಟ್ ಫ್ರೇಮ್ ಆಪ್ಷನ್ಸ್, ಟೆಕ್ಸ್ಟ್ ರ‍್ಯಾಪ್, ಆಂಕರ್ಡ್ ಆಬ್ಜೆಕ್ಟ್ ಹೀಗೆ. ಪ್ರತಿಯೊಂದರ ಪಕ್ಕ ಒಂದು ಟಿಕ್ ಬಾಕ್ಸ್. ಸ್ಟೈಲ್ ಬಳಸಿ ಕೈಸುಟ್ಟುಕೊಂಡವರು ಹೆಚ್ಚಿನ ಸಲ ಎಡವುವುದು ಇಲ್ಲೇ.

ಟಿಕ್ ಇದ್ದರೆ ಆ ವಿಷಯ ಸ್ಟೈಲಿನ ಹಿಡಿತದಲ್ಲಿ ಇರುತ್ತದೆ. ಇಲ್ಲದಿದ್ದರೆ ಸ್ಟೈಲ್ ಅದರ ತಂಟೆಗೇ ಹೋಗುವುದಿಲ್ಲ, ಬಾಕ್ಸಿನಲ್ಲಿ ಮೊದಲು ಏನಿತ್ತೋ ಅದೇ ಇರುತ್ತದೆ. ಕೆಳಗಿನ ಎಫೆಕ್ಟ್ಸ್ ಪಟ್ಟಿಯಲ್ಲಿ ಮಾತ್ರ ಮೂರು ಸ್ಥಿತಿ ಇವೆ: ನೆರಳು ಹಾಕು, ನೆರಳು ತೆಗೆ, ನೆರಳಿನ ಗೊಡವೆಗೆ ಹೋಗಬೇಡ. “ತೆಗೆ” ಬೇರೆ, “ಗೊಡವೆಗೆ ಹೋಗಬೇಡ” ಬೇರೆ. ಪೂರ್ತಿ ಖಾಲಿ ಬಾಕ್ಸ್ ಅಂದರೆ ತೆಗೆ. ವಿಂಡೋಸ್‌ನಲ್ಲಿ ಒಳಗೆ ಚಿಕ್ಕ ಚೌಕ ಕಂಡರೆ, ಮ್ಯಾಕ್‌ನಲ್ಲಿ ಅಡ್ಡಗೆರೆ ಕಂಡರೆ, ಗೊಡವೆ ಬೇಡ ಅಂತ ಅರ್ಥ.

ನನ್ನ ಸಲಹೆ ಇಷ್ಟು: ಆ ಬಾಕ್ಸಿನ ಕೆಲಸಕ್ಕೆ ಬೇಕಾದ್ದಕ್ಕೆ ಮಾತ್ರ ಟಿಕ್ ಇಡಿ, ಉಳಿದದ್ದು ತೆಗೆಯಿರಿ. ಫೋಟೋ ಸ್ಟೈಲಿಗೆ ಸ್ಟ್ರೋಕ್, ಅಲೈನ್ ಸ್ಟ್ರೋಕ್ ಇರುವ ಸ್ಟ್ರೋಕ್ ಆ್ಯಂಡ್ ಕಾರ್ನರ್ ಆಪ್ಷನ್ಸ್, ರ‍್ಯಾಪ್, ಫಿಟಿಂಗ್ ಸಾಕು. ಎಲ್ಲಕ್ಕೂ ಟಿಕ್ ಬಿಟ್ಟರೆ ಏನಾಗುತ್ತದೆ ಗೊತ್ತಾ? ಮಾಹಿತಿ ಬಾಕ್ಸಿನ ಸ್ಟೈಲಿನಲ್ಲಿ ಪ್ಯಾರಾಗ್ರಾಫ್ ಸ್ಟೈಲಿಗೂ ಟಿಕ್ ಇದ್ದು, ಅಲ್ಲಿ “ಬೇಸಿಕ್ ಪ್ಯಾರಾಗ್ರಾಫ್” ಅಂತ ಇದ್ದರೆ, ನೀವು ಜೋಡಿಸಿಟ್ಟ ತಲೆಬರಹ, ಉಪತಲೆಬರಹ ಎಲ್ಲ ಒಂದೇ ಏಟಿಗೆ ಸಾದಾ ಅಕ್ಷರ ಆಗಿಬಿಡಬಹುದು. ಸ್ಟೈಲ್ ಕೊಟ್ಟ ಮೇಲೆ ಅಕ್ಷರ ಕೆಟ್ಟರೆ ಮೊದಲು ಈ ಟಿಕ್ ನೋಡಿ.

ಅದೇ ಜಾಗವನ್ನು ತಿಳಿದು ಬಳಸಿದರೆ ಬಹಳ ಅನುಕೂಲ. ಮಾಹಿತಿ ಬಾಕ್ಸಿನಲ್ಲಿ ಮೊದಲ ಸಾಲು ಊರಿನ ಹೆಸರು, ಆಮೇಲೆ ವಿವರ. ಊರಿನ ಹೆಸರಿನ ಪ್ಯಾರಾಗ್ರಾಫ್ ಸ್ಟೈಲಿನಲ್ಲಿ “ನೆಕ್ಸ್ಟ್ ಸ್ಟೈಲ್” ಆಗಿ ವಿವರದ ಸ್ಟೈಲ್ ಕೊಟ್ಟಿರಿ. ಆಬ್ಜೆಕ್ಟ್ ಸ್ಟೈಲಿನಲ್ಲಿ ಊರಿನ ಹೆಸರಿನ ಸ್ಟೈಲ್ ಆರಿಸಿ, “ಅಪ್ಲೈ ನೆಕ್ಸ್ಟ್ ಸ್ಟೈಲ್” ಟಿಕ್ ಮಾಡಿ. ಸಾದಾ ಟೈಪ್ ಮಾಡಿದ ಬಾಕ್ಸಿನ ಮೇಲೆ ಒಂದು ಕ್ಲಿಕ್. ಬಣ್ಣ, ಬಾರ್ಡರ್, ತಲೆಬರಹ, ವಿವರ ಎಲ್ಲ ಒಟ್ಟಿಗೆ ಕೂರುತ್ತವೆ.

ಅಡಿಬರಹದ ಬಾಕ್ಸ್, ನಮ್ಮ ಅಕ್ಷರದ ಲೆಕ್ಕದಲ್ಲಿ

ಇಂಗ್ಲಿಷ್ ಪುಸ್ತಕಕ್ಕೆ ಮಾಡಿದ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ನಮಗೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತಕ್ಷರ ಇದೆ. “ದೇವಾಲಯ ಚಕ್ರವರ್ತಿ, ಇಟಗಿ, 1112” ಅನ್ನುವ ಅಡಿಬರಹವನ್ನೇ ನೋಡಿ. ಆ ಗುಡಿಯನ್ನು ಅಲ್ಲಿನ ಶಾಸನ ಕರೆದದ್ದೇ ಹಾಗೆ. “ಚಕ್ರವರ್ತಿ”ಯಲ್ಲಿ ಕ್ರ ಕೆಳಕ್ಕೆ ಇಳಿಯುತ್ತದೆ. ಬಾಕ್ಸಿನ ಕೆಳಗಿನ ಗೆರೆ ಹತ್ತಿರ ಇದ್ದರೆ ಒತ್ತು ಅದಕ್ಕೆ ತಾಗುತ್ತದೆ. ಅದಕ್ಕೆ ನಾನು ಇನ್‌ಸೆಟ್ ಸ್ಪೇಸಿಂಗ್ ಅನ್ನು, ಅಂದರೆ ಬಾಕ್ಸಿನ ಅಂಚಿಗೂ ಅಕ್ಷರಕ್ಕೂ ನಡುವಿನ ಜಾಗವನ್ನು, ನಾಲ್ಕೂ ಕಡೆ ಸಮ ಇಡುವುದಿಲ್ಲ. ಮೇಲೆ 1.5 ಮಿಮೀ, ಕೆಳಗೆ 2.5 ಮಿಮೀ. ಕಣ್ಣಿಗೆ ಆಗಲೇ ಸಮ ಕಾಣುತ್ತದೆ.

ಇನ್ನೊಂದು, ಟೆಕ್ಸ್ಟ್ ಫ್ರೇಮ್ ಬೇಸ್‌ಲೈನ್ ಆಪ್ಷನ್ಸ್. ಅಲ್ಲಿ ಫಸ್ಟ್ ಬೇಸ್‌ಲೈನ್ “ಅಸೆಂಟ್” ಅಂತ ಇರುತ್ತದೆ. ಅಂದರೆ ಮೊದಲ ಸಾಲು ಎಲ್ಲಿ ಕೂರಬೇಕು ಅನ್ನುವುದನ್ನು ಫಾಂಟಿನ ಎತ್ತರ ನಿರ್ಧರಿಸುತ್ತದೆ. ಕನ್ನಡ ಫಾಂಟುಗಳ ಎತ್ತರ ಒಂದೊಂದರದ್ದು ಒಂದೊಂದು ಥರ. ಫಾಂಟ್ ಬದಲಿಸಿದರೆ ಎಲ್ಲಾ ಬಾಕ್ಸಿನ ಮೊದಲ ಸಾಲೂ ಮೇಲೆ ಕೆಳಗೆ ಸರಿಯುತ್ತದೆ. ಅದನ್ನು “ಲೀಡಿಂಗ್” ಮಾಡಿ. ಆಗ ಸಾಲಿನ ಅಂತರವೇ ಲೆಕ್ಕ, ಫಾಂಟ್ ಏನೇ ಇದ್ದರೂ ಸಾಲು ಅದೇ ಜಾಗದಲ್ಲಿ ನಿಲ್ಲುತ್ತದೆ.

ಆಟೋ ಸೈಜ್‌ನಲ್ಲಿ “ಹೈಟ್ ಓನ್ಲಿ” ಆರಿಸಿ, ಮೇಲಿನ ಅಂಚನ್ನು ಹಿಡಿದಿಡಿ. ಅಡಿಬರಹ ಎರಡು ಸಾಲಿದ್ದದ್ದು ಮೂರಾದರೆ ಬಾಕ್ಸ್ ಕೆಳಕ್ಕೆ ತಾನೇ ಬೆಳೆಯುತ್ತದೆ. ಪ್ರೂಫ್ ತಿದ್ದುವಾಗ ಒಂದು ಪದ ಸೇರಿ ಕೊನೆಯ ಸಾಲು ಮಾಯ ಆಗುವ ಭಯ ಇರುವುದಿಲ್ಲ.

ಹೊಸಬರು ಗಾಬರಿಯಾಗುವ ಜಾಗ ಇನ್ನೊಂದು ಇದೆ. ಫೋಟೋಗೆ 3 ಮಿಮೀ ರ‍್ಯಾಪ್ ಕೊಟ್ಟಿದ್ದೇವೆ ಅಲ್ವಾ? ಅಡಿಬರಹದ ಬಾಕ್ಸನ್ನು ಫೋಟೋಗೆ ಅಂಟಿಸಿದ ಹಾಗೆ ಇಟ್ಟರೆ ಆ ರ‍್ಯಾಪ್ ಅಡಿಬರಹವನ್ನೂ ತಳ್ಳುತ್ತದೆ. ಅಕ್ಷರ ಕಾಣುವುದೇ ಇಲ್ಲ, ಬಾಕ್ಸಿನ ಮೂಲೆಯಲ್ಲಿ ಕೆಂಪು ಪ್ಲಸ್ ಮಾತ್ರ ಕಾಣುತ್ತದೆ. ಅಡಿಬರಹದ ಸ್ಟೈಲಿನಲ್ಲಿ ಟೆಕ್ಸ್ಟ್ ಫ್ರೇಮ್ ಜನರಲ್ ಆಪ್ಷನ್ಸ್‌ಗೆ ಹೋಗಿ “ಇಗ್ನೋರ್ ಟೆಕ್ಸ್ಟ್ ರ‍್ಯಾಪ್” ಟಿಕ್ ಮಾಡಿ. 70 ಅಡಿಬರಹಕ್ಕೂ ಒಂದೇ ಸಲಕ್ಕೆ ಮುಗಿಯಿತು.

ಯೂನಿಕೋಡ್ ಅಕ್ಷರ ಬಳಸುವವರು ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಷನ್‌ನಲ್ಲಿ ಕಂಪೋಸರ್ ಆಗಿ “ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್” ಇಟ್ಟಿರಬೇಕು. ಇದು ಆಬ್ಜೆಕ್ಟ್ ಸ್ಟೈಲಿನ ಕೆಲಸ ಅಲ್ಲ. ಆದರೆ ಇದಿಲ್ಲದೆ ಒತ್ತಕ್ಷರ ಒಡೆದರೆ ಬಾಕ್ಸ್ ಎಷ್ಟು ಚೆಂದ ಇದ್ದು ಏನು ಬಂತು?

ಜಾಹೀರಾತಿನ ಅಳತೆ

ಸ್ಮರಣ ಸಂಚಿಕೆ ಮಾಡುವವರಿಗೆ ಇದು ವರದಾನ. ಇನ್‌ಡಿಸೈನ್ ಸಿಸಿ 2018ರಿಂದ ಆಬ್ಜೆಕ್ಟ್ ಸ್ಟೈಲಿನಲ್ಲಿ ಅಳತೆಯನ್ನೂ ಜಾಗವನ್ನೂ ಹಿಡಿದಿಡಬಹುದು. ಸೈಜ್ ಆ್ಯಂಡ್ ಪೊಸಿಷನ್ ಆಪ್ಷನ್ಸ್ ಅಂತ ಹೆಸರು. ಪುಟದ ಬರಹದ ಜಾಗ 120 ಮಿಮೀ ಅಗಲ, 180 ಮಿಮೀ ಎತ್ತರ ಅಂತ ಇಟ್ಟುಕೊಳ್ಳಿ. ನಡುವೆ 4 ಮಿಮೀ ಬಿಟ್ಟರೆ ಅರ್ಧ ಪುಟದ ಜಾಹೀರಾತು 120 ಗುಣಿಸು 88, ಕಾಲು ಪುಟದ್ದು 58 ಗುಣಿಸು 88. ಈ ಅಳತೆ ಸ್ಟೈಲಿನಲ್ಲಿ ಇದ್ದರೆ ಹೇಗೆ ಎಳೆದ ಬಾಕ್ಸಾದರೂ ಒಂದು ಕ್ಲಿಕ್ಕಿಗೆ ಸರಿ ಅಳತೆಗೆ ಬರುತ್ತದೆ. ನಾನು ಅಳತೆ ಮಾತ್ರ ಹಿಡಿದಿಡುತ್ತೇನೆ, ಜಾಗ ಬಿಡುತ್ತೇನೆ. ಜಾಹೀರಾತು ಕೊನೆಯ ದಿನದವರೆಗೂ ಪುಟದಿಂದ ಪುಟಕ್ಕೆ ಓಡಾಡುತ್ತಲೇ ಇರುತ್ತದೆ. ಹಣ ಕೊಟ್ಟವರಿಗೆ ಹೇಳಿದಷ್ಟು ಜಾಗ ಮಿಲಿಮೀಟರ್ ತಪ್ಪದೆ ಸಿಗಬೇಕು. ಅದು ನಮ್ಮ ಮಾತಿನ ಪ್ರಶ್ನೆ.

ಎರಡು ಜಾಹೀರಾತು ಸ್ಟೈಲುಗಳಿಗೂ ಬಾರ್ಡರ್ ಒಂದೇ. ಅದಕ್ಕೆ ಕಾಲು ಪುಟದ್ದನ್ನು ಮಾಡುವಾಗ “ಬೇಸ್ಡ್ ಆನ್” ಅಂತ ಇರುವಲ್ಲಿ ಅರ್ಧ ಪುಟದ್ದನ್ನು ಕೊಡಿ, ಅಳತೆ ಮಾತ್ರ ಬದಲಿಸಿ. ತಾಯಿ ಸ್ಟೈಲಿನ ಬಾರ್ಡರ್ ತಿದ್ದಿದರೆ ಮಗುವಿನದ್ದೂ ಬದಲಾಗುತ್ತದೆ. ಎರಡು ಹಂತಕ್ಕಿಂತ ಜಾಸ್ತಿ ಹೋಗಬೇಡಿ, ಯಾವುದು ಯಾವುದರಿಂದ ಬಂತು ಅನ್ನುವುದೇ ಮರೆತುಹೋಗುತ್ತದೆ.

ಹೆಸರಿನ ಪಕ್ಕದ ಪ್ಲಸ್

ಸ್ಟೈಲ್ ಕೊಟ್ಟ ಫ್ರೇಮಿನ ಬಾರ್ಡರನ್ನು ಕೈಯಿಂದ ಬದಲಿಸಿದರೆ ಪ್ಯಾನೆಲ್‌ನಲ್ಲಿ ಹೆಸರಿನ ಪಕ್ಕ ಒಂದು ಪ್ಲಸ್ ಬರುತ್ತದೆ. ಈ ಫ್ರೇಮ್ ಸ್ಟೈಲಿನ ಮಾತು ಪೂರ್ತಿ ಕೇಳುತ್ತಿಲ್ಲ ಅಂತ ಅದು ಹೇಳುತ್ತಿದೆ. ಆಮೇಲೆ ನೀವು ಸ್ಟೈಲಿನಲ್ಲಿ ಬಾರ್ಡರ್ ಬದಲಿಸಿದರೂ ಆ ಒಂದು ಫ್ರೇಮ್ ಹಳೆಯದನ್ನೇ ಹಿಡಿದುಕೊಂಡು ಕೂರುತ್ತದೆ. ಪಾಲ್ಕಿಗುಂಡಿನ ಆ ಫೋಟೋದ ಹಾಗೆ. ಸ್ಟೈಲ್ ಇದ್ದೂ ಅದೇ ತಪ್ಪು ಆಗಬಹುದು. ಅದಕ್ಕೇ ಪ್ಲಸ್ ಕಂಡರೆ ಬಿಡಬೇಡಿ.

ಪ್ಲಸ್ ಕಂಡಾಗ ಮೂರು ದಾರಿ. ಕೈಯಿಂದ ಮಾಡಿದ್ದು ಬೇಡ ಅನ್ನಿಸಿದರೆ ಆಲ್ಟ್ ಒತ್ತಿ ಸ್ಟೈಲಿನ ಹೆಸರಿನ ಮೇಲೆ ಕ್ಲಿಕ್ ಮಾಡಿ, ಫ್ರೇಮ್ ಸ್ಟೈಲಿಗೆ ಮರಳುತ್ತದೆ. ಕೈಯಿಂದ ಮಾಡಿದ್ದೇ ಚೆನ್ನಾಗಿದೆ ಅನ್ನಿಸಿದರೆ ಪ್ಯಾನೆಲ್ ಮೆನುವಿನಲ್ಲಿ “ರೀಡಿಫೈನ್ ಸ್ಟೈಲ್” ಆರಿಸಿ, ಉಳಿದ 69 ಫೋಟೋವೂ ಅದರ ಹಾಗೆ ಆಗುತ್ತವೆ. ನಿಜವಾಗಿ ಒಂದೇ ಜಾಗದಲ್ಲಿ ಬೇರೆ ಥರ ಬೇಕಾದರೆ ಅದಕ್ಕೊಂದು ಬೇರೆ ಸ್ಟೈಲ್ ಮಾಡಿ. ಪ್ಲಸ್ ಹೊತ್ತುಕೊಂಡು ಪ್ರೆಸ್ಸಿಗೆ ಹೋಗಬಾರದು.

ಇದೇ ಪ್ಯಾನೆಲ್‌ನಲ್ಲಿ ಇನ್ನೆರಡು ಕಡೆ ಹುಷಾರು. ಯಾವುದನ್ನೂ ಸೆಲೆಕ್ಟ್ ಮಾಡದೆ ಸ್ಟೈಲಿನ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಅದೇ ಡೀಫಾಲ್ಟ್ ಆಗುತ್ತದೆ. ಆಮೇಲೆ ಎಳೆದ ಪ್ರತಿ ಬಾಕ್ಸೂ ಆ ಬಾರ್ಡರ್ ಹೊತ್ತೇ ಹುಟ್ಟುತ್ತದೆ. ಹೀಗಾಗಿ ಸ್ಟೈಲ್ ತಿದ್ದಬೇಕಾದರೆ ಡಬಲ್ ಕ್ಲಿಕ್ ಬೇಡ, ರೈಟ್ ಕ್ಲಿಕ್ ಮಾಡಿ ಎಡಿಟ್ ಆರಿಸಿ. ಎರಡನೆಯದು, ಫೋಟೋ ಮತ್ತು ಅಡಿಬರಹ ಗ್ರೂಪ್ ಆಗಿದ್ದಾಗ ಗ್ರೂಪಿಗೆ ಸ್ಟೈಲ್ ಕೊಟ್ಟರೆ ಒಳಗಿನ ಎರಡಕ್ಕೂ ಅದೇ ಸ್ಟೈಲ್ ಬೀಳುತ್ತದೆ. ಡಬಲ್ ಕ್ಲಿಕ್ ಮಾಡಿ ಒಳಗಿನದ್ದೊಂದನ್ನೇ ಹಿಡಿದು ಕೊಡಿ.

ಹಳೆಯ ಫೈಲನ್ನು ದಾರಿಗೆ ತರುವುದು

ಸ್ಟೈಲ್ ಇಲ್ಲದೆ ಮಾಡಿದ ಹಳೆಯ ಫೈಲ್ ಮತ್ತೆ ಮರುಮುದ್ರಣಕ್ಕೆ ಬಂದಿದೆ ಅಂದುಕೊಳ್ಳಿ. ಒಂದೊಂದೇ ಹುಡುಕುವುದು ಬೇಡ. ಕಂಟ್ರೋಲ್ ಎಫ್ ಒತ್ತಿ, ಆಬ್ಜೆಕ್ಟ್ ಅನ್ನುವ ಟ್ಯಾಬಿಗೆ ಹೋಗಿ. ಹುಡುಕುವ ಕಡೆ “ಸ್ಟ್ರೋಕ್ 2 ಪಾಯಿಂಟ್, ಬಣ್ಣ ಕೆಂಪು” ಅಂತ ಕೊಡಿ. ಬದಲಿಸುವ ಕಡೆ ನಿಮ್ಮ “01 ಫೋಟೋ” ಸ್ಟೈಲ್ ಕೊಡಿ. ಟೈಪ್ ಅನ್ನುವಲ್ಲಿ ಗ್ರಾಫಿಕ್ ಫ್ರೇಮ್ ಆರಿಸಿದರೆ ಟೆಕ್ಸ್ಟ್ ಬಾಕ್ಸುಗಳು ತಪ್ಪಿ ಸಿಕ್ಕಿಬೀಳುವುದಿಲ್ಲ. ಮೊದಲ ಮೂರು ನಾಲ್ಕನ್ನು ಒಂದೊಂದಾಗಿ ಬದಲಿಸಿ ನೋಡಿ, ಸರಿ ಇದ್ದರೆ “ಚೇಂಜ್ ಆಲ್”. ಕೆಲಸ ಶುರು ಮಾಡುವ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಡಿ.

ಮುಂದಿನ ಪುಸ್ತಕಕ್ಕೆ ಒಯ್ಯುವುದು

ಒಂದು ಪುಸ್ತಕದಲ್ಲಿ ಮಾಡಿದ ಸ್ಟೈಲ್ ಇನ್ನೊಂದಕ್ಕೆ ತರಲು ಪ್ಯಾನೆಲ್ ಮೆನುವಿನಲ್ಲಿ “ಲೋಡ್ ಆಬ್ಜೆಕ್ಟ್ ಸ್ಟೈಲ್ಸ್” ಇದೆ. ಹಳೆಯ ಫೈಲ್ ಆರಿಸಿದರೆ ಹೆಸರುಗಳ ಪಟ್ಟಿ ಬರುತ್ತದೆ. ಬೇಕಾದ್ದಕ್ಕೆ ಟಿಕ್. ಎರಡೂ ಕಡೆ ಒಂದೇ ಹೆಸರಿದ್ದರೆ ಒಳಬರುವುದನ್ನು ಇಟ್ಟುಕೊಳ್ಳಬೇಕಾ, ಅದಕ್ಕೆ ಬೇರೆ ಹೆಸರು ಕೊಡಬೇಕಾ ಅಂತ ಕೇಳುತ್ತದೆ. ಗಮನಿಸಿ ಉತ್ತರಿಸಿ. ಬಾಕ್ಸನ್ನು ಕಾಪಿ ಮಾಡಿ ಹೊಸ ಫೈಲಿನಲ್ಲಿ ಪೇಸ್ಟ್ ಮಾಡಿದರೂ ಸ್ಟೈಲ್ ಜೊತೆಗೆ ಬರುತ್ತದೆ. ಆದರೆ ಅಲ್ಲಿ ಅದೇ ಹೆಸರಿನ ಸ್ಟೈಲ್ ಮೊದಲೇ ಇದ್ದರೆ ಅಲ್ಲಿಯದೇ ಗೆಲ್ಲುತ್ತದೆ.

ಪದೇ ಪದೇ ಬರುವ ಕೆಲಸಕ್ಕೆ ಇನ್ನೂ ಸುಲಭದ ದಾರಿ ಇದೆ. ಖಾಲಿ ಪುಟ, ಎಲ್ಲಾ ಸ್ಟೈಲು, ಸ್ವಾಚು ಇಟ್ಟು ಟೆಂಪ್ಲೇಟ್ ಆಗಿ ಸೇವ್ ಮಾಡಿ. ನನ್ನ ಅಂಗಡಿಯಲ್ಲಿ “ಸ್ಮರಣ ಸಂಚಿಕೆ ಎ5” ಅನ್ನುವ ಒಂದೇ ಟೆಂಪ್ಲೇಟ್‌ನಿಂದ ಎಷ್ಟೋ ಕೆಲಸ ಶುರುವಾಗುತ್ತವೆ.

ಬೇಡದ ಸ್ಟೈಲ್ ಅಳಿಸುವಾಗ ಅದರ ಬದಲು ಯಾವುದು ಅಂತ ಇನ್‌ಡಿಸೈನ್ ಕೇಳುತ್ತದೆ. ಸರಿಯಾದ್ದನ್ನು ಆರಿಸಿದರೆ ಆ ಬಾಕ್ಸುಗಳೆಲ್ಲ ಹೊಸದಕ್ಕೆ ಸೇರುತ್ತವೆ. ಎರಡು ಫೋಟೋ ಸ್ಟೈಲ್ ಆಗಿಬಿಟ್ಟಿದ್ದರೆ ಒಂದು ಮಾಡಲು ಇದೇ ದಾರಿ.

ಕೋರಲ್‌ಡ್ರಾದಲ್ಲೇ ಪೂರ್ತಿ ಕೆಲಸ ಮಾಡುವ ಗೆಳೆಯರು ನಮ್ಮ ಕಡೆ ಜಾಸ್ತಿ. ಅಲ್ಲೂ ಆಬ್ಜೆಕ್ಟ್ ಸ್ಟೈಲ್ಸ್ ಅನ್ನುವ ಡಾಕರ್ (ಪ್ಯಾನೆಲ್) ಇದೆ. ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಬಾರ್ಡರ್, ಬಣ್ಣವನ್ನು ಒಟ್ಟಾಗಿ ಒಂದು ಸ್ಟೈಲ್ ಸೆಟ್ ಮಾಡಬಹುದು. ಮೆನು ಬೇರೆ, ಲೆಕ್ಕ ಇದೇ.

ಇನ್ನು ಹೆಸರಿನ ಮುಂದೆ ಇಟ್ಟ ನಂಬರಿನ ಮಾತು. ಕಂಟ್ರೋಲ್ ಮತ್ತು ಎಂಟರ್ ಒತ್ತಿದರೆ ಕ್ವಿಕ್ ಅಪ್ಲೈ ಅನ್ನುವ ಚಿಕ್ಕ ಪಟ್ಟಿ ತೆರೆಯುತ್ತದೆ. ಅಲ್ಲಿ ಸ್ಟೈಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಕನ್ನಡ ಹೆಸರಿದ್ದರೆ ಕೀಬೋರ್ಡ್ ಬದಲಿಸಬೇಕು. 01 ಅಂತ ಒತ್ತಲು ಅದೂ ಬೇಡ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಆದರೆ ಸ್ಟೈಲಿಗೇ ಶಾರ್ಟ್‌ಕಟ್ ಕೊಡಬಹುದು, ಕಂಟ್ರೋಲ್ ಹಿಡಿದು ಪ್ಯಾಡಿನ 1 ಅನ್ನುವ ಹಾಗೆ. ನಮ್ ಲಾಕ್ ಆನ್ ಇರಬೇಕು. ಐದು ಹೆಸರು, ಐದು ನಂಬರ್ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಡಿ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನೂ ಮೊದಲ ದಿನದಿಂದಲೇ ನಿಮ್ಮ ಹಾಗೇ ಫೋಟೋ ಕೂರಿಸುತ್ತಾನೆ.